ಪೂರ್ವದ ಬಾಗಿಲು ಎಷ್ಟು ಡಿಗ್ರಿ?

ವಿಜಯನಗರದ ನಮ್ಮ ಮನೆ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಮಂಡಿ ಕೆಟ್ಟ ಮೇಲೆ ಅಪ್ಪ ಮೆಟ್ಟಿಲಿಳಿಯುತ್ತಿದ್ದದ್ದು ಆಸ್ಪತ್ರೆಗೆ ಹೋಗುವ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ರಸ್ತೆ ನೋಡುತ್ತಿದ್ದರು. ಹಾಗಾಗಿ ಬಸವೇಶ್ವರನಗರದಲ್ಲಿ ನೆಲಮಹಡಿಯ ಬಾಡಿಗೆ ಮನೆಯೊಂದು ಸಿಕ್ಕಾಗ ಎಲ್ಲರಿಗೂ ಸಮಾಧಾನವಾಯಿತು, ಅಮ್ಮನೊಬ್ಬಳನ್ನು ಬಿಟ್ಟು. ಆ ಮನೆಯ ಮಾಲೀಕರು ಫೋನಿನಲ್ಲಿ, "ಬಾಗಿಲು ಮಾತ್ರ ಸೌತು ಮೇಡಂ, ಮೊದಲೇ ಹೇಳ್ಬಿಡ್ತೀನಿ" ಅಂದಿದ್ದರು. ಭಾನುವಾರ ಸಂಜೆಯೊಳಗೆ ತಿಳಿಸಬೇಕು, ಬೇರೆಯವರು ಕಾಯುತ್ತಿದ್ದಾರೆ ಎಂದೂ ಸೇರಿಸಿದ್ದರು.

"ದಕ್ಷಿಣದ ಬಾಗಿಲು ಬೇಡ," ಎಂದಳು ಅಮ್ಮ. "ಈ ಮನೆ ಪೂರ್ವ. ಬಂದಾಗಿಂದ ಎಲ್ಲಾ ಒಳ್ಳೇದೇ ಆಗಿದೆ."

"ನನ್ನ ಮಂಡಿ?" ಅಪ್ಪ ಕೇಳಿದರು.

"ಅದು ವಯಸ್ಸಿಂದ ಆಗಿದ್ದು ರೀ. ಬಾಗಿಲಿಂದಲ್ಲ."

ನಮ್ಮ ಕಡೆ ದಾರಿ ಹೇಳುವಾಗ ಯಾರೂ ದಿಕ್ಕಿನ ಹೆಸರು ಎತ್ತುವುದಿಲ್ಲ. ಬೇಕರಿ ದಾಟಿ, ಸಿಗ್ನಲ್ಲಿನಲ್ಲಿ ಲೆಫ್ಟ್ ಹೊಡೆದು, ಟ್ರಾನ್ಸ್‌ಫಾರ್ಮರ್ ಪಕ್ಕ ಎಂದರೆ ಮುಗಿಯಿತು. ಅದೇ ಜನಕ್ಕೆ ಮನೆ ಹುಡುಕುವಾಗ ಮಾತ್ರ ಎಂಟೂ ದಿಕ್ಕು ನೆನಪಾಗುತ್ತವೆ. ಅಮ್ಮನ ವಿಷಯದಲ್ಲಿ ಇದು ಸ್ವಲ್ಪ ಹೆಚ್ಚು ಸೋಜಿಗದ ಸಂಗತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಅವಳು. ರೇಖಾಗಣಿತದಲ್ಲಿ ಪೆನ್ಸಿಲ್ ಮೊಂಡಾಗಿದ್ದರೂ ಅಂಕ ಕಳೆಯುತ್ತಿದ್ದವಳು.

ಆ ವಾರವೇ ಒಂಬತ್ತನೇ ಕ್ಲಾಸಿನ ನನ್ನ ಮಗಳಿಗೆ ಶಾಲೆಯಲ್ಲಿ ಬೇರಿಂಗ್ ಪಾಠ ಶುರುವಾಗಿತ್ತು. ಉತ್ತರ ದಿಕ್ಕಿನಿಂದ ಆರಂಭಿಸಿ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಕೋನ ಅಳೆಯಬೇಕು, ಅದನ್ನು ಯಾವಾಗಲೂ ಮೂರು ಅಂಕಿಯಲ್ಲಿ ಬರೆಯಬೇಕು. ಪೂರ್ವ ಎಂದರೆ ತೊಂಬತ್ತಲ್ಲ, ಸೊನ್ನೆ ಒಂಬತ್ತು ಸೊನ್ನೆ. ಹೋಂವರ್ಕ್ ಹೀಗಿತ್ತು: ಎರಡು ಕಟ್ಟಡಗಳ ಮುಂಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಂತು, ನೇರ ಎದುರಿನ ದಿಕ್ಕಿನ ಬೇರಿಂಗನ್ನು ದಿಕ್ಸೂಚಿಯಿಂದ ಅಳೆಯಬೇಕು. ಒಂದು ಕಟ್ಟಡದಿಂದ ಇನ್ನೊಂದರ ಬೇರಿಂಗನ್ನು ನಕಾಶೆ ನೋಡಿ ತೆಗೆಯಬೇಕು. ಎಲ್ಲವನ್ನೂ ಚಿತ್ರ ಬರೆದು ತರಬೇಕು.

"ಒಂದು ನಮ್ಮನೆ," ಎಂದಳು ಮಗಳು. "ಇನ್ನೊಂದು ಆ ಬಾಡಿಗೆ ಮನೆ. ಅಳೆಯೋದಕ್ಕೆ ಹೋಗ್ಬಹುದಲ್ವಾ ಅಜ್ಜಿ?"

"ಅಳೆಯೋದಕ್ಕೇನು, ಅಳೀಬಹುದು," ಎಂದಳು ಅಮ್ಮ. ಪಾಠದ ವಿಷಯಕ್ಕೆ ಅವಳು ಬೇಡ ಎಂದದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಶನಿವಾರ ಬೆಳಿಗ್ಗೆ ಅಮ್ಮ, ಮಗಳು, ನಾನು ಮೂವರೂ ಬಸವೇಶ್ವರನಗರಕ್ಕೆ ಹೋದೆವು. ಮನೆ ಖಾಲಿಯಿತ್ತು, ಬೀಗದ ಕೈ ಪಕ್ಕದ ಮನೆಯಲ್ಲಿತ್ತು. ಅಮ್ಮ ಅಡುಗೆಮನೆಯತ್ತ ತಿರುಗಿಯೂ ನೋಡದೆ ಹಾಲಿನ ಮಧ್ಯೆ ಬಾಗಿಲಿಗೆ ಮುಖ ಮಾಡಿ ನಿಂತು, ನೆಲದ ಟೈಲ್ಸಿನ ಗೆರೆಗೆ ಸರಿಯಾಗಿ ದಿಕ್ಸೂಚಿ ಹಿಡಿಯುವಂತೆ ಮೊಮ್ಮಗಳಿಗೆ ಹೇಳಿದಳು. ಮುಳ್ಳು ಅಲುಗಾಡುವುದು ನಿಲ್ಲುವವರೆಗೆ ನಮಗೆ ಉಸಿರಾಡಲೂ ಅಪ್ಪಣೆ ಇದ್ದಂತಿರಲಿಲ್ಲ.

"ನೂರ ಐವತ್ತೊಂದು."

"ಬರ್ಕೋ," ಎಂದಳು ಅಮ್ಮ. ದಕ್ಷಿಣ ಎಂದರೆ ನೂರ ಎಂಬತ್ತಿರಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಹೊರಡುವ ಮೊದಲು ಮಗಳು ಗೇಟಿನಿಂದ ಬಾಗಿಲವರೆಗೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಅಪ್ಪ ಅದನ್ನು ಆ ದಿನ ಬಹಳ ಸಲ ನೋಡಿದರು. "ಮೆಟ್ಟಿಲೇ ಇಲ್ವಲ್ಲೋ," ಎಂದು ನನಗೆ ಮೆಲ್ಲಗೆ ಹೇಳಿ ಫೋನು ವಾಪಸು ಕೊಟ್ಟರು.

ಸಂಜೆ ನಮ್ಮ ಬಾಗಿಲಿನ ಸರದಿ. ಮಗಳು ಹೊಸ್ತಿಲಲ್ಲಿ, ಕಬ್ಬಿಣದ ಗ್ರಿಲ್ಲಿಗೆ ಒತ್ತಿಕೊಂಡು ನಿಂತು ಓದಿದಳು: "ಸೊನ್ನೆ ಒಂಬತ್ತು ಆರು."

"ನೋಡಿದ್ಯಾ? ಪೂರ್ವ!" ಅಮ್ಮನ ಮುಖ ಅರಳಿತು. ಅಪ್ಪ ಬಾಲ್ಕನಿಯಿಂದ ಇತ್ತ ನೋಡಿ ಮತ್ತೆ ರಸ್ತೆಯತ್ತ ತಿರುಗಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಅಮ್ಮ ಗೆದ್ದಿರುತ್ತಿದ್ದಳು. ನಾನಾಗಲೀ ಮಗಳಾಗಲೀ ತಕರಾರು ತೆಗೆದಿರಲಿಲ್ಲ. ಅವಳೇ ಸ್ವಲ್ಪ ಹೊತ್ತು ಆ ಗ್ರಿಲ್ಲನ್ನು ದಿಟ್ಟಿಸಿದಳು. ಅವಳೊಳಗಿದ್ದ ಮೇಷ್ಟ್ರಮ್ಮ ಸುಮ್ಮನಿರಲು ಒಪ್ಪಲಿಲ್ಲ ಎಂದು ಕಾಣುತ್ತದೆ.

"ಕಬ್ಬಿಣದ ಪಕ್ಕ ನಿಂತ್ಕೊಂಡು ಯಾರಾದ್ರೂ ಓದ್ತಾರೇನೇ? ಅದು ಮುಳ್ಳನ್ನ ಆ ಕಡೆ ಎಳೆಯುತ್ತೆ. ಹಿಂದೆ ಬಾ, ಹಾಲಿಗೆ ಬಾ."

ಹಾಲಿನಲ್ಲಿ ನೂರ ಹದಿನೆಂಟು ಬಂತು. ಅಮ್ಮ ದಿಕ್ಸೂಚಿಯನ್ನು ತಾನೇ ತೆಗೆದುಕೊಂಡು ನೋಡಿದಳು. ಮತ್ತೆ ನೂರ ಹದಿನೆಂಟು. ಮಗಳು ಫೋನಿನಲ್ಲಿರುವ ದಿಕ್ಸೂಚಿ ತೆಗೆದಾಗ, "ಅದನ್ನ ಒಳಗಿಡು, ಅದಕ್ಕೆ ಮರ್ಯಾದೆ ಇಲ್ಲ" ಎಂದಳು. ಕದ್ದು ನೋಡಿದೆವು. ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಚಿತ್ರ ಬರೆಯುವ ಕೆಲಸ. ನಕಾಶೆಯ ಪ್ರಕಾರ ನಮ್ಮ ಮನೆಯಿಂದ ಆ ಮನೆ ಸೊನ್ನೆ ಒಂದು ಎರಡು. ಅಲ್ಲಿಂದ ಇಲ್ಲಿಗೆ ಎಷ್ಟು ಎಂಬ ಪ್ರಶ್ನೆಗೆ ಮಗಳು ಮುನ್ನೂರ ಅರವತ್ತರಲ್ಲಿ ಹನ್ನೆರಡು ಕಳೆದು, ಮುನ್ನೂರ ನಲವತ್ತೆಂಟು ಎಂದು ಬರೆದಳು.

"ಅದನ್ನ ಹಿಡ್ಕೊಂಡು ಹೋದ್ರೆ ಪೀಣ್ಯ ಕಡೆ ಹೋಗಿ ಬೀಳ್ತೀಯ ಕಣೇ, ಮನೆಗೆ ಬರಲ್ಲ," ಎಂದಳು ಅಮ್ಮ. "ವಾಪಸ್ ಬರೋದು ಅಂದ್ರೆ ಪೂರ್ತಿ ಬೆನ್ನು ತಿರುಗಿಸೋದು. ನೂರ ಎಂಬತ್ತು ಕೂಡಿಸು."

ನೂರ ತೊಂಬತ್ತೆರಡು ಎಂದು ತಿದ್ದಿದ ಮೇಲೆ ಮಗಳು, ಯಾರೂ ಹೇಳದಿದ್ದರೂ, ಒಂದೇ ಉತ್ತರ ರೇಖೆಯ ಮೇಲೆ ಎರಡೂ ಬಾಗಿಲುಗಳನ್ನು ಗುರುತಿಸಿ, ಸುತ್ತ ಎಂಟು ದಿಕ್ಕುಗಳ ಗೆರೆ ಎಳೆದಳು. ಎರಡು ದಿಕ್ಕುಗಳ ನಡುವೆ ನಲವತ್ತೈದು ಡಿಗ್ರಿ. ಆಗ್ನೇಯ ಬಿದ್ದದ್ದು ನೂರ ಮೂವತ್ತೈದಕ್ಕೆ. ನಮ್ಮ ಪೂರ್ವದ ಬಾಗಿಲು ಅದರ ಈ ಪಕ್ಕ, ಅವರ ದಕ್ಷಿಣದ ಬಾಗಿಲು ಅದರ ಆ ಪಕ್ಕ. ಎರಡಕ್ಕೂ ಹತ್ತಿರದ ದಿಕ್ಕು ಅದೇ.

"ಅಜ್ಜಿ, ಎರಡೂ ಆಗ್ನೇಯ."

ಅಮ್ಮ ಕನ್ನಡಕ ಹಾಕಿಕೊಂಡು, ಕೋನಮಾಪಕ ಇಟ್ಟು, ಪ್ರತಿ ಗೆರೆಯನ್ನೂ ಪರೀಕ್ಷಿಸಿದಳು. ತಪ್ಪು ಸಿಕ್ಕಲಿ ಎಂದು ಅವಳು ಅಷ್ಟು ಆಸೆಪಟ್ಟದ್ದನ್ನು ಮೊದಲ ಸಲ ನೋಡಿದೆ. ಸಿಕ್ಕಲಿಲ್ಲ. ಪೆನ್ಸಿಲ್ ಕೂಡ ಚೂಪಾಗಿಯೇ ಇತ್ತು.

"ಆಗ್ನೇಯನಾ? ಅಗ್ನಿ ಮೂಲೆ ಅಲ್ವಾ ಅದು?" ಬಾಲ್ಕನಿಯಿಂದ ಅಪ್ಪನ ದನಿ ಬಂತು. "ಈಗ ಗೊತ್ತಾಯ್ತು ಬಿಡು, ಇಷ್ಟು ವರ್ಷ ಈ ಮನೇಲಿ ನಾನ್ಯಾಕೆ ಬೆಂದೆ ಅಂತ."

"ಸುಮ್ನಿರಿ ಸಾಕು. ಮೂರು ಹೊತ್ತೂ ಬಿಸಿ ಊಟ ಮಾಡ್ಕೊಂಡು ಬೇಯೋರ್ನ ಎಲ್ಲೂ ನೋಡಿಲ್ಲ."

ನಾನು ಮಧ್ಯೆ ಬಾಯಿ ಹಾಕಿ, ದಿಕ್ಸೂಚಿ ಒಂದು ಡಿಗ್ರಿ ಆಚೀಚೆ ಇದ್ದರೂ ಎಂದು ಶುರು ಮಾಡಿದೆ. ನನ್ನಂತೆ ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಇಂಥ ಕಡೆ ಸಂದೇಹದ ಲಾಭ ಕೊಡುವ ಅಭ್ಯಾಸ. ಅಮ್ಮ ನನ್ನತ್ತ ನೋಡಿ, "ಆಚೀಚೆ ಎಷ್ಟಿದ್ರೆ ಪೂರ್ವ ಆಗುತ್ತೆ, ಲೆಕ್ಕ ಮಾಡಿ ಹೇಳು" ಎಂದಳು. ಪೂರ್ವದ ಪಾಲು ನೂರ ಹನ್ನೆರಡೂವರೆಗೇ ಮುಗಿಯುತ್ತಿತ್ತು, ಐದು ಡಿಗ್ರಿಗಿಂತ ಹೆಚ್ಚು ಬೇಕಿತ್ತು.

ಆಗ ಅಪ್ಪ ಗೋಡೆ ಹಿಡಿದು ಒಳಗೆ ಬಂದರು. ಮೇಜಿನ ಬಳಿ ನಿಂತು ಚಿತ್ರ ನೋಡಿದರು. ಗೇಲಿಯ ದನಿ ಹೋಗಿತ್ತು.

"ಡಿಗ್ರಿ ಎಲ್ಲ ಮುಗೀತಲ್ಲ. ಇನ್ನು ನಾನು ಕೆಳಗಿಳೀಬಹುದಾ?"

ಅಮ್ಮ ಚಿತ್ರದ ಕೆಳಗೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದಳು. ಇದು ಶಾಲೆಗೆ ಕೊಡಬೇಕಾದ ಹಾಳೆ ಎಂದು ಮಗಳು ಕಿರುಚಿಕೊಂಡದ್ದು ಅವಳಿಗೆ ಕೇಳಿಸಲಿಲ್ಲ. ನನ್ನ ಫೋನು ಕೇಳಿ ತೆಗೆದುಕೊಂಡು, ಸ್ಪೀಕರ್ ಹಾಕಿಸಿ, ಮಾಲೀಕರೊಂದಿಗೆ ಮಾತಾಡಿದಳು.

"ನಾವು ಬರ್ತೀವಿ ಸಾರ್."

"ಸಂತೋಷ ಮೇಡಂ. ಸೌತು ಅಂದ್ರೆ ಪರವಾಗಿಲ್ವಾ?"

"ಸೌತ್ ಅಲ್ಲ ಸಾರ್ ಅದು. ನೂರ ಐವತ್ತೊಂದು. ಆಗ್ನೇಯ."

ಮಾಲೀಕರು ದನಿ ತಗ್ಗಿಸಿದರು. "ಆಗ್ನೇಯನಾ? ಮೇಡಂ, ಇದನ್ನ ನಮ್ಮನೆಯವರ ಹತ್ರ ಮಾತ್ರ ಹೇಳ್ಬೇಡಿ. ನಿಮಗೆ ತೊಂದ್ರೆ ಇಲ್ಲ ತಾನೆ?"

"ನಮಗೆ ಅಭ್ಯಾಸ ಇದೆ," ಎಂದಳು ಅಮ್ಮ.

ಮುಂದಿನ ತಿಂಗಳು ಮನೆ ಬದಲಾಯಿಸಿದೆವು. ಸಾಮಾನು ಬಿಚ್ಚುವ ಗಲಾಟೆಯಲ್ಲಿ ಅಪ್ಪ ಎದ್ದು ಹೋದದ್ದನ್ನು ಯಾರೂ ಗಮನಿಸಿರಲಿಲ್ಲ. ಕತ್ತಲಾಗುವ ಮೊದಲು ಕೋಲೂರಿಕೊಂಡು ವಾಪಸು ಬಂದರು. ಕೈಯಲ್ಲಿ ಯಾರೂ ತರಲು ಹೇಳದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಇತ್ತು. ಸೊಪ್ಪು ಬಾಡಿತ್ತು. ಅಮ್ಮ ಅದನ್ನೇ ತೊಳೆದು ಸಾರಿಗೆ ಹಾಕಿದಳು.