ಖಾಲಿ ಸೀಟಿನ ಕೆಳಗಿನ ನೀರು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಪ್ರತಿ ಸಲ ಬೇರೆ ಏನೋ ಹೇಳಿ ಎದ್ದಿದ್ದೇನೆ. ಕಾರಿನ ಎಸಿ ಸೋರಿದ್ದು ದೊಡ್ಡ ಸುದ್ದಿಯಲ್ಲ. ಆದರೆ ಆ ನೀರಿನ ಅಪವಾದವನ್ನು ನಾನು ಒಬ್ಬ ಹಿರಿಯ ಹೆಂಗಸಿನ ಮೇಲೆ ಹಾಕಿದ್ದೆ.

ನೌಕರಿ ಮುಗಿದ ಮೇಲೆ ವಾಡಿಯಲ್ಲಿ ಹಳೆಯ ಕಾರೊಂದನ್ನು ಕೊಂಡಿದ್ದೆ. ಬೇಸಿಗೆಯಲ್ಲಿ ಚಿಂಚೋಳಿಗೆ ನೆಂಟರ ಮನೆಯ ಮದುವೆ ನಿಶ್ಚಯಕ್ಕೆ ಹೊರಟೆವು. ದಾರಿಯಲ್ಲಿ ದಂಡೋತಿಯಿಂದ ವೈನಿಯನ್ನು, ತೀರಿಹೋದ ನನ್ನ ಅಣ್ಣನ ಹೆಂಡತಿಯನ್ನು, ಹತ್ತಿಸಿಕೊಂಡೆ. ಹಿರಿಯರೆಂದು ಮುಂದಿನ ಸೀಟು ಅವರಿಗೆ. ಹಿಂದೆ ನನ್ನ ಹೆಂಡತಿ, ಆಕೆಯ ಇಬ್ಬರು ತಂಗಿಯರು. ಸೇಡಂ ದಾಟಿ ಚಹಾಕ್ಕೆ ನಿಲ್ಲಿಸಿದಾಗ ವೈನಿಯ ಸೀರೆಯ ಅಂಚು ಒದ್ದೆಯಾಗಿತ್ತು. ಕಾಲಡಿಯ ಮ್ಯಾಟಿನ ಮೇಲೆ ನೀರು.

"ಏನ್ರಿ ವೈನಿ, ಗಾಡಿ ನಿಲ್ಲಸು ಅಂದಿದ್ರ ನಿಲ್ಲಸ್ತಿದ್ದಿಲ್ಲೇನು? ಹೊಸಾ ಮ್ಯಾಟ್ ಅದು" ಅಂದೆ.

"ನಾ ಅಲ್ಲೋ ತಮ್ಮಾ. ಮ್ಯಾಲಿಂದ ಬಿದ್ದಂಗಾತು."

"ಬ್ಯಾಸಗ್ಯಾಗ ಕಾರಿನೊಳಗ ಮಳಿ ಬಂತೇನ್ರಿ ಅಕ್ಕೋರ?" ಅಂದಳು ಹೆಂಡತಿಯ ತಂಗಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಶ್ಚಯದ ಮನೆಯಲ್ಲಿ ವೈನಿ ಚಹಾ ಬೇಡವೆಂದರು, ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಸಂಜೆ ಬಸ್ಸಿಗೆ ಹೋದರು. ವೈನಿಗೆ ಈಗ ಒಂದಕ್ಕೆ ಬಂದರೆ ತಡೆಯಲಿಕ್ಕೆ ಆಗುವುದಿಲ್ಲವಂತೆ ಎಂಬ ಮಾತು ನೆಂಟರೊಳಗೆ ಹರಡಿತು.

ಮುಂದಿನ ವಾರ ಒಬ್ಬನೇ ಶಹಾಬಾದಕ್ಕೆ ಹೋಗಿ ಬಂದೆ. ಇಳಿಯುವಾಗ ನೋಡುತ್ತೇನೆ, ಪಕ್ಕದ ಸೀಟಿನ ಕೆಳಗೆ ಮತ್ತೆ ನೀರು. ಸೀಟಿನಲ್ಲಿ ಯಾರೂ ಇರಲಿಲ್ಲ.

ಬೆರಳದ್ದಿ ಮೂಸಿದೆ. ರೇಡಿಯೇಟರಿನದಾದರೆ ಹಸಿರಾಗಿ, ಜಿಗುಟಾಗಿ ಇರಬೇಕು. ಇದು ತಿಳಿನೀರು, ತಣ್ಣಗೆ, ವಾಸನೆಯಿಲ್ಲ. ಎಲ್ಲಿಂದ ಬಂತು? ಐಸ್ ನೀರು ತುಂಬಿದ ತಂಬಿಗೆಯ ಹೊರಮೈ ಬೆವರುತ್ತದಲ್ಲ, ಹಾಗೆ ಎಸಿಯ ಡಬ್ಬಿಯೂ ಒಳಗೆ ಬೆವರಬೇಕು. ಆ ಬೆವರು ರಸ್ತೆಗೆ ಹನಿಯಬೇಕು. ಬೇರೆಯವರ ಕಾರಿನ ಕೆಳಗೆ ಅದು ಹನಿಯುವುದನ್ನು ನೋಡಿದ್ದೆ. ನನ್ನದರ ಕೆಳಗೆ ಯಾವಾಗಲೂ ಒಣ. "ನಮ್ಮ ಗಾಡಿ ಒಂದ್ ಹನಿ ಸೋರಂಗಿಲ್ಲ" ಎಂದು ಹೇಳಿಕೊಂಡು ತಿರುಗಿದವನು ನಾನೇ.

ಅಂಗಳದ ಫರಸಿ ಕಲ್ಲಿನ ಮೇಲೆ ಅಂಗಾತ ಮಲಗಿ ಕಾರಿನಡಿ ತೂರಿದೆ. ಬೆರಳ ಗಾತ್ರದ ರಬ್ಬರ್ ಪೈಪು, ಅದರ ಬಾಯಲ್ಲಿ ತುರುಕಿದ ಬಟ್ಟೆ. ನನ್ನ ಹಳೆಯ ಧೋತರದ ತುಂಡು! ನಮ್ಮ ಕಡೆ ಕಲ್ಲಿನ ಧೂಳು ಎಲ್ಲೆಲ್ಲೂ ನುಗ್ಗುವುದರಿಂದ ಕಿಡಕಿಯ ಸಂದಿಗೂ ಬಟ್ಟೆ ತುರುಕುವುದು ರೂಢಿ. ಕಾರು ಕೊಂಡ ಹೊಸದರಲ್ಲಿ ಈ ತೂತನ್ನೂ ಕಂಡು, ಧೂಳು ಹೊಕ್ಕೀತೆಂದು ಮುಚ್ಚಿ, ದೊಡ್ಡ ಶಾಣ್ಯಾ, ಬುದ್ಧಿವಂತನಂತೆ ಎದ್ದಿದ್ದೆ. ಹೊರಗೆ ದಾರಿ ಸಿಗದ ಎಸಿಯ ಬೆವರು ಕಾರಿನೊಳಗೇ ಸೋರಿತ್ತು.

ಎಳೆದೆ. ರಾಡಿ ನೀರು ಮುಖಕ್ಕೇ ಹೊಡೆಯಿತು. ಪೈಪು ಊದಿ, ಎಸಿ ಹಚ್ಚಿ ಕಾದೆ. ಸ್ವಲ್ಪ ಹೊತ್ತಿಗೆ ಫರಸಿಯ ಮೇಲೆ ಹನಿ ಬಿತ್ತು, ಇನ್ನೊಂದು ಬಿತ್ತು. ಹುರುಪಿನಿಂದ ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ಬಗ್ಗಿ ಹನಿ ನೋಡಿದಳು.

"ಹಂಗಾದ್ರ ಅವತ್ತು ಅಕ್ಕೋರದಲ್ಲ ಅದು. ಹೋಗಿ ಹೇಳ್ರಿ."

ದಂಡೋತಿಗೆ ಹೋದೆ. ವೈನಿ ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಗಾಡಿ ರಿಪೇರಿ ಆಗ್ಯದ್ರಿ ವೈನಿ. ತಿಂಗಳಾ ಬಿಪಿ ತೋರಸ್ಲಿಕ್ಕ ದವಾಖಾನಿಗೆ ಹೋಗ್ತೀರಲ್ಲ, ಇನ್ನ ನಾನೇ ಕರ್ಕೊಂಡ್ ಹೋಗ್ತೀನಿ, ಬರ್ರಿ."

"ಹೆಣ್ಮಕ್ಕಳಿಗಿ ಬಸ್ ಫ್ರೀ ಅದನೋ ತಮ್ಮಾ. ನಿನ್ನ ಹೊಸಾ ಮ್ಯಾಟ್ ಒಣಗಿರ್ಲಿ ಬಿಡು" ಅಂದರು, ಮೊರದಿಂದ ಕಣ್ಣೆತ್ತದೆ.

ಬಟ್ಟೆ ತುರುಕಿದವನು ನಾನು ಎಂಬುದು ಬಾಯಿಗೆ ಬರಲಿಲ್ಲ. ಚಹಾ ಕುಡಿದು ಬಂದೆ. ಅವತ್ತು ನಕ್ಕವರಿಗೂ ಹೇಳಲಿಲ್ಲ, ಮಾತು ಹರಡಿದ ನೆಂಟರಿಗೂ ಹೇಳಲಿಲ್ಲ. ಅವರೆಲ್ಲ ಓದಲಿ ಎಂದೇ ಇದನ್ನು ಬರೆದೆ. ಆದರೆ ಮಾಫಿ ಕೇಳಬೇಕಾದದ್ದು ಅವರನ್ನಲ್ಲ. ಇವತ್ತಿಗೂ ಬಸ್ಸಿಗೇ ಓಡಾಡುವ ದಂಡೋತಿಯ ನನ್ನ ವೈನಿಯನ್ನು.