ಟ್ರಯಲ್ ರೂಮಿನಲ್ಲಿ ಹೆರಿಗೆ

ಸೊಂಟ ಬಿಗಿಯಾದ ಪ್ಯಾಂಟು, ತೋಳು ಉದ್ದವಾದ ಅಂಗಿ, ಅಂಚು ಬಿಚ್ಚಿದ ಪರದೆ, ಏನಿದ್ದರೂ ಆ ಬೀದಿಯವರು ಬಂದು ನಿಲ್ಲುತ್ತಿದ್ದದ್ದು ಟೈಲರಕ್ಕನ ಅಂಗಡಿಯ ಮುಂದೆ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ: ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಪರದೆ ಇಳಿಬಿಟ್ಟ ಟ್ರಯಲ್ ರೂಮ್. ಕೈಕೆಲಸ ಅಚ್ಚುಕಟ್ಟು, ಜೀವ ಮಾತ್ರ ಸದಾ ಪುಕುಪುಕು. ಮಗಳು ಮಲಗಿದ್ದರೆ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡುವಳು. ಬಾಗಿಲಿಗೆ ಬೀಗ ಹಾಕಿ ಹೋದವಳು ತಿರುಗಿ ಬಂದು ಜಗ್ಗಿ ನೋಡುವಳು. “ಚಿಂತೆ ಮಾಡೋಕೆ ಏನೂ ಸಿಗದಿದ್ರೆ ನಿನಗೆ ಅದೇ ಒಂದು ಚಿಂತೆ,” ಎಂದು ಅತ್ತೆ ಹಂಗಿಸುತ್ತಿದ್ದರು.

ಆ ಚಿಂತೆಗಳಲ್ಲಿ ಅತಿ ಮುದ್ದಿನದು ಮೇಡಂ. ಮೇಡಂ ಎಂದರೆ ಕಿಟಕಿಯ ಪಕ್ಕದ ಜಾಲರಿ ಪಂಜರದಲ್ಲಿ, ಕುಂಡದ ಗಿಡದ ಮೇಲೆ ವಾಸವಾಗಿದ್ದ ಹೆಣ್ಣು ಊಸರವಳ್ಳಿ. ಕೆಲಸಕ್ಕೆಂದು ಊರು ಬಿಡುವಾಗ ಟೈಲರಕ್ಕನ ತಮ್ಮ ಅದನ್ನು ಅಕ್ಕನಿಗೆ ಒಪ್ಪಿಸಿ ಹೋಗಿದ್ದ. ಒಂದು ಕಣ್ಣು ಹೊಲಿಗೆಯ ಮೇಲೆ, ಇನ್ನೊಂದು ಬೀದಿಯ ಮೇಲೆ ಇಟ್ಟು ಕೂರುವ ಗತ್ತಿಗೆ ಆ ಹೆಸರು ಬಿದ್ದಿತ್ತು.

ಈಚೆಗೆ ಮೇಡಂ ಎರಡೂ ಪಕ್ಕೆ ಊದಿಕೊಂಡಿದ್ದಳು. ಟೈಲರಕ್ಕ ಕಣ್ಣಳತೆಯಲ್ಲೇ ತೀರ್ಮಾನಿಸಿದಳು: ಕೊಬ್ಬು. ಮಿಡತೆಯ ಪಡಿ ಅರ್ಧಕ್ಕೆ ಇಳಿಸಿದಳು. ಮೇಡಂ ಆ ಅರ್ಧವನ್ನೂ ಮುಟ್ಟಲಿಲ್ಲ. ಎಂದೂ ಕೊಂಬೆ ಬಿಟ್ಟು ಇಳಿಯದವಳು ಪಂಜರದ ತಳದಲ್ಲಿ ಅತ್ತಿಂದಿತ್ತ ಓಡಾಡಿ ಮೂಲೆ ಕೆರೆಯತೊಡಗಿದಳು. ಹಸಿರು ಮೈ ಕಪ್ಪಿಟ್ಟು ಹಳದಿ ಚುಕ್ಕೆಗಳೆದ್ದವು. ಟೈಲರಕ್ಕ ಕೈಲಿದ್ದ ಬಟ್ಟೆ ಬಿಸಾಡಿದಳು. ಪಂಜರವನ್ನೇ ಎತ್ತಿಕೊಂಡು ಪ್ರಾಣಿಗಳ ಡಾಕ್ಟರ ಬಳಿ ಓಡಿದಳು.

ಡಾಕ್ಟರಮ್ಮ ಹೊಟ್ಟೆಯನ್ನು ಬೆರಳ ತುದಿಯಲ್ಲಿ ಸವರಿ ನಕ್ಕರು. “ಕೊಬ್ಬಲ್ಲಮ್ಮ, ಮೊಟ್ಟೆ.”

“ಗಂಡಿನ ಮುಖಾನೇ ನೋಡಿಲ್ಲ ಡಾಕ್ಟ್ರೇ ಇವಳು!”

“ಹುಂಜ ಇಲ್ದೆ ಕೋಳಿ ಮೊಟ್ಟೆ ಇಡಲ್ವಾ? ಹಾಗೇ. ಮರಿ ಆಗಲ್ಲ ಅಷ್ಟೆ. ಆಳವಾದ ಬಕೆಟ್‌ಗೆ ತೊಳೆದ ಮರಳು ತುಂಬಿಸಿ ಪಂಜರದೊಳಗಿಡಿ. ಬೆರಳು ಚುಚ್ಚಿ ತೆಗೆದ್ರೆ ತೂತು ಕುಸೀಬಾರ್ದು, ಅಷ್ಟು ಒದ್ದೆ ಸಾಕು, ಕೆಸರಾಗೋದು ಬೇಡ. ಎಲ್ಲಕ್ಕಿಂತ ಮುಖ್ಯ, ಅಗೆಯೋವಾಗ ಯಾರೂ ನೋಡ್ಬಾರ್ದು. ನೋಡ್ತಿದಾರೆ ಅಂತ ಗೊತ್ತಾದ್ರೆ ಅರ್ಧಕ್ಕೇ ಎದ್ದು ಬರ್ತಾಳೆ. ಮೊಟ್ಟೆ ಒಳಗೇ ಸಿಕ್ಕಿಕೊಂಡ್ರೆ ಜೀವಕ್ಕೆ ಅಪಾಯ.”

ಬೀದಿಗೆ ತೆರೆದುಕೊಂಡ ಅಂಗಡಿಯಲ್ಲಿ ಮರೆ ಇದ್ದದ್ದು ಒಂದೇ ಕಡೆ. ಮೇಡಂ ಪಂಜರ, ಬಕೆಟ್, ಮೈ ಕಾಯಿಸಿಕೊಳ್ಳುವ ದೀಪದ ಸಮೇತ ಟ್ರಯಲ್ ರೂಮಿಗೆ ಬಿಡಾರ ಬದಲಿಸಿದಳು. ಹಳೆಯ ಪರದೆ ತೆಳುವೆಂದು ಟೈಲರಕ್ಕ ದಪ್ಪ ಬಟ್ಟೆಯದೊಂದು ಹೊಲಿದು ಹಾಕಿದಳು.

ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟರು. “ಗಂಡನಿಲ್ದೆ ಬಸಿರಾ! ನಿನ್ನ ತವರಿನ ಕಡೆಯವಳಲ್ವಾ, ಏನು ಬೇಕಾದ್ರೂ ಮಾಡ್ತಾಳೆ.” ಅಂದವರೇ ಸ್ಟೂಲ್ ಎಳೆದುಕೊಂಡು ಪರದೆಯ ಮುಂದೆ ಕಾವಲು ಕೂತರು. ಬ್ಯಾಂಕಿನ ಕ್ಯಾಶಿಯರ್ ಪ್ಯಾಂಟು ಹಿಡಿದು, “ಒಂದ್ಸಲ ಹಾಕಿ ನೋಡ್ಬೇಕಿತ್ತಲ್ಲಮ್ಮ,” ಎಂದ.

“ಒಳಗೆ ಹೆರಿಗೆ ಆಗ್ತಿದೆ. ಮನೇಲಿ ಹಾಕಿ ನೋಡಪ್ಪ. ಬಿಗಿ ಆದ್ರೆ ಉಸಿರು ಎಳ್ಕೋ,” ಎಂದು ಅತ್ತೆ ಸಾಗಹಾಕಿದರು.

ಮೇಡಂ ಅಗೆಯುವುದೇನೋ ಅಗೆದಳು. ತಲೆ ಮುಳುಗುವಷ್ಟು ತೋಡಿ, ಥಟ್ಟನೆ ನಿಲ್ಲಿಸಿ, ಮೇಲೆ ಹತ್ತಿ ಮೈ ಕಪ್ಪಗೆ ಮಾಡಿಕೊಂಡು ಕೂತಳು. ಮರುದಿನ ಇನ್ನೊಂದು ಕಡೆ ತೋಡಿದಳು, ಅದೂ ಅಷ್ಟೇ. ಮರಳು ಸರಿಯಿಲ್ಲವೇನೋ, ನೀರು ಕಮ್ಮಿಯಾಯಿತೇನೋ ಎಂದು ಟೈಲರಕ್ಕ ಅತ್ತೆಯನ್ನು ಮತ್ತೆ ಮತ್ತೆ ಕೇಳಿದಳು.

ಆ ಮಧ್ಯಾಹ್ನ ಅತ್ತೆ ನೀರು ಕುಡಿದು ಬಂದು ನೋಡುತ್ತಾರೆ, ಸೊಸೆ ಸೊಂಟ ಬಗ್ಗಿಸಿ ಪರದೆಗೆ ಒಂದು ಕಣ್ಣು ಅಂಟಿಸಿ ನಿಂತಿದ್ದಾಳೆ! ಪರದೆಯ ನಟ್ಟನಡುವೆ ಒಂದು ಕಾಜಾ. ಅಂಗಿಯ ಗುಂಡಿ ತೂರಿಸಲು ಮಾಡುವಂಥದೇ ಸೀಳು, ಸುತ್ತ ನೂಲಿನ ಒತ್ತೊತ್ತು ಹೊಲಿಗೆ.

“ಏನೇ ಇದು?”

“ಒಂದೇ ಕಣ್ಣಲ್ವಾ ಅತ್ತೆ... ಉಸಿರಾಡ್ತಿದಾಳೋ ಇಲ್ವೋ ಅಂತ...”

“ಊರೋರನ್ನೆಲ್ಲ ಓಡ್ಸೋಕೆ ನನ್ನ ಕೂರಿಸಿ, ಕದ್ದು ನೋಡೋಕೆ ನೀನು ತೂತು ಹೊಲ್ಕೊಂಡ್ಯಾ? ಅದೂ ಎಷ್ಟು ಚೆಂದ ಹೊಲಿದಿದೀಯ!”

ನಾಚಿಕೆಯಾದರೂ ಟೈಲರಕ್ಕ ಇನ್ನೊಮ್ಮೆ ಇಣುಕಿದಳು. ಮರಳಿನಲ್ಲಿ ಅರ್ಧ ಹೂತಿದ್ದ ಮೇಡಂಳ ಕಣ್ಣು ಗಿರ್ರನೆ ತಿರುಗಿ ನೇರ ಕಾಜಾದ ಮೇಲೆ ನೆಟ್ಟಿತು. ಅಗೆಯುತ್ತಿದ್ದ ಕಾಲು ನಿಂತಿತು.

“ಅಯ್ಯೋ, ಅಡ್ಡಿ ನಾನೇ!”

ಸೂಜಿ ತಂದು ಕಾಜಾ ಹೊಲಿದು ಮುಚ್ಚಿದಳು. ಆಮೇಲೆ ಉಳಿದದ್ದು ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ: ನೋಡದೆ ಇರುವುದು. ಕುರ್ಚಿಯನ್ನು ಪರದೆಗೆ ಬೆನ್ನಾಗಿ ತಿರುಗಿಸಿಕೊಂಡು ಕೂತಳು. “ಕುತ್ತಿಗೆ ಆಡ್ಸಿದ್ರೆ ನೋಡು!” ಎಂದು ಅತ್ತೆ ಗದರುತ್ತಲೇ ಇದ್ದರು. ಮರುದಿನವೂ ಹಾಗೇ ಕೂತು, ಒಂದು ಅಂಗಿಗೆ ಕಾಲರ್ ತಲೆಕೆಳಗಾಗಿ ಹಚ್ಚಿ, ಬಿಚ್ಚಿ, ಮತ್ತೆ ತಲೆಕೆಳಗಾಗಿಯೇ ಹಚ್ಚಿದಳು.

ಸಂಜೆಯ ಹೊತ್ತಿಗೆ ಒಳಗಿಂದ ಜಾಲರಿ ಹತ್ತುವ ಕರಕರ ಸದ್ದು. ಅತ್ತೆ ಎದ್ದು ದಾರಿ ಬಿಟ್ಟರು. “ಹೋಗು, ಈಗ ನೋಡು.”

ಬಕೆಟ್ಟಿನ ಮರಳು ತಟ್ಟಿ ತಟ್ಟಿ ಮಟ್ಟ ಮಾಡಿದಂತಿತ್ತು. ಮೇಲಿನ ಕೊಂಬೆಯಲ್ಲಿ ಮೇಡಂ, ಮೂಗಿನ ತುಂಬ ಮರಳು ಮೆತ್ತಿಕೊಂಡು, ಎರಡೂ ಬದಿ ಹಿಡಿದು ಹೊಲಿಯಬೇಕೆನಿಸುವಷ್ಟು ಸಡಿಲ ಚರ್ಮದಲ್ಲಿ. ಟೈಲರಕ್ಕ ನೀರು ಸಿಂಪಡಿಸಿದಳು. ಮೇಡಂ ಎಲೆಯಿಂದ ಎಲೆಗೆ ಕುಡಿದೇ ಕುಡಿದಳು; ಕಪ್ಪು ಕರಗಿ ಹಸಿರು ಹರಿಯಿತು. ಟೈಲರಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂದು ಬಿಕ್ಕಳಿಕೆ ಹಿಡಿಯಿತು.

“ಹೆತ್ತವಳಿಗೆ ಬರೀ ನೀರಾ? ತಾರೇ ಇಲ್ಲಿ!” ಅತ್ತೆ ಇಕ್ಕಳದಲ್ಲಿ ದಪ್ಪ ಮಿಡತೆಯೊಂದನ್ನು ಹಿಡಿದು, ಮುಖ ಆಚೆ ತಿರುಗಿಸಿ, ಕೈ ಚಾಚಿದರು. ಸರ್ರನೆ ನಾಲಿಗೆ ಬಂದು ಹೋಯಿತು. ಅತ್ತೆ ಕಿಟಾರನೆ ಕಿರುಚಿ ಇಕ್ಕಳ ಬಿಸಾಡಿ, ಮರುಕ್ಷಣವೇ ಬಾಗಿ ಎತ್ತಿಕೊಂಡರು.

“ಇನ್ನೊಂದು ಕೊಡೇ,” ಎಂದರು.