ಮಲ್ಲಿಗೆ ಕಾಂಡದ ಗಂಟು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಆಗಿನ ದಿನಗಳಲ್ಲಿ ನ್ಯಾಮತಿಯ ನಮ್ಮ ಓಣಿಯಲ್ಲಿ ಗೋಡೆ ಗಡಿಯಾರವಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದರ ಕೆಳಗೆ ಕೂತಿದ್ದ ನನ್ನ ತಂಗಿ ಗಿರಿಜಾಳ ಬಾಯಿಂದ ಜೊಲ್ಲು ಸುರಿಯತೊಡಗಿತು. "ಅಕ್ಕಾ, ಕಣ್ಣು ಮಂಜಾಗ್ತೈತೆ," ಎಂದಳು. ಅವಳಿಗೆ ಆರು ವರ್ಷ, ನಾನು ಏಳನೇ ಕ್ಲಾಸು.

ಅಪ್ಪ ತೀರಿಕೊಂಡ ಮೇಲೆ ಹಿತ್ತಲಿನ ಹನ್ನೊಂದು ಮಲ್ಲಿಗೆ ಬಳ್ಳಿಗಳೇ ನಮ್ಮನ್ನು ಸಾಕುತ್ತಿದ್ದವು. ಆ ಬೇಸಿಗೆ ಕಾಂಡಗಳ ಮೇಲೆ ಗಂಟುಗಳೆದ್ದವು. ಮೊದಲು ಹುಣಿಸೆ ಬೀಜದಷ್ಟು, ಆಮೇಲೆ ಅಡಿಕೆಯಷ್ಟು. ಅವ್ವ ನಮ್ಮ ಕುತ್ತಿಗೆಯ ಬಾವು ನೋಡುವ ಹಾಗೆ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ಸವಳಂಗದ ಸೋದರಮಾವ ಬಂದವನು, ಒಳಗೆ ಹುಳ ಗೂಡು ಕಟ್ಟಿದೆಯೆಂದು ತೀರ್ಮಾನಿಸಿ, ಭತ್ತಕ್ಕೆ ಹೊಡೆದು ಉಳಿದಿದ್ದ ಔಷಧಿ ಕೊಟ್ಟು ಹೋದ. ಅವ್ವ ಅದನ್ನು ನೀರಿಗೆ ಬೆರೆಸಿ ಬೇವಿನ ಸೊಪ್ಪಿನಿಂದ ಚಿಮುಕಿಸಿದಳು. ಎಂಟು ದಿನ ಹಿತ್ತಲಿಗೆ ಹೋಗಬಾರದೆಂದು ಇಬ್ಬರಿಗೂ ಹೇಳಿದಳು.

ಮೂರನೇ ದಿನ ಗಿರಿಜಾ ಗೊಂಬೆ ಮದುವೆಗೆಂದು ಒಂದು ಬೊಗಸೆ ಮೊಗ್ಗು ಕಿತ್ತುಕೊಂಡಳು. ನಾವೆಲ್ಲ ಹೂ ಕಟ್ಟುತ್ತಿದ್ದದ್ದು ಒಂದೇ ರೀತಿ: ಬಾಳೆನಾರನ್ನು ಬಾಯಲ್ಲಿ ನೆನೆಸಿ, ತುದಿಯನ್ನು ಹಲ್ಲಲ್ಲಿ ಕಚ್ಚಿ, ಎರಡು ಕೈಯಲ್ಲೂ ಗಂಟು ಹಾಕುವುದು. ಔಷಧಿ ಹತ್ತಿದ ಬೆರಳಲ್ಲಿ ಅವಳೂ ಹಾಗೇ ಕಟ್ಟಿದ್ದಳು. ಜೊಲ್ಲು ಸುರಿಯುವ ಹೊತ್ತಿಗೆ ಮೊಳದುದ್ದ ಮಾಲೆ ಮುಗಿದಿತ್ತು.

ಅವಳನ್ನು ಎತ್ತಿಕೊಂಡು ಹತ್ತಿದ ಹೊನ್ನಾಳಿ ಬಸ್ಸಿನ ಡ್ರೈವರ್ ಆಸ್ಪತ್ರೆ ಬರುವವರೆಗೆ ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಡಾಕ್ಟರು ಯಾವ ಔಷಧಿ ಎಂದು ಕೇಳಿದರೆ ಅವ್ವನಿಗೆ ಹೆಸರು ಗೊತ್ತಿಲ್ಲ. ಅವರು ಗಿರಿಜಾಳ ಬೆರಳು ಮೂಸಿದರು. ನಾನೂ ಮೂಸಿದೆ. ಮಲ್ಲಿಗೆಯ ಘಮದ ಜೊತೆಗೇ ಬೆಳ್ಳುಳ್ಳಿಯಂಥ ನಾತ. ಅವಳ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಐದನೇ ದಿನ ಮನೆಗೆ ಕಳಿಸಿದರು.

ಮಗಳ ಊರಿನಿಂದ ಮರಳಿದ ಪಕ್ಕದ ಮನೆಯ ಗಂಗಜ್ಜ ಒಂದು ಗಂಟನ್ನು ಚೂರಿಯಲ್ಲಿ ಸೀಳಿದ. ಹುಳವಿರಲಿಲ್ಲ. ಕಾಂಡದೊಳಗೆ ಹೂತುಹೋಗಿದ್ದ ನೀಲಿ ನೈಲಾನ್ ದಾರ ಸಿಕ್ಕಿತು.

"ರೋಗ ಅಲ್ಲವ್ವ ಇದು, ಬಳ್ಳಿ ದಪ್ಪ ಆದಂಗೆ ದಾರ ಅದರ ಕುತ್ತಿಗಿ ಬಿಗಿದೈತೆ. ಬಾಳೆನಾರಾಗಿದ್ರೆ ಕೊಳೆತು ತಾನೇ ಉದುರ್ತಿತ್ತು. ನೈಲಾನ್ ಯಾರು ಕಟ್ಟಿದ್ದು?"

ಎರಡು ವರ್ಷದ ಹಿಂದೆ ಗಾಳಿಗೆ ಬಳ್ಳಿ ಬಿದ್ದಾಗ, ಗಟ್ಟಿಯಿರಲೆಂದು ಕೋಲುಗಳಿಗೆ ಆ ದಾರ ಬಿಗಿದವಳು ನಾನು. ಅವ್ವ ನನ್ನ ಮುಖ ನೋಡಿದಳು.

"ನಾನೇ ಕಣಜ್ಜ. ಕೈಗೆ ಸಿಕ್ಕಿದ್ದು ಕಟ್ಟಿಬಿಟ್ಟಿದ್ದೆ," ಎಂದಳು ಅವ್ವ.

ಆ ಮಾತನ್ನು ತಿದ್ದುವ ಧೈರ್ಯ ನನಗೆ ಅವ್ವ ಇರುವವರೆಗೂ ಬರಲಿಲ್ಲ. ಮುಂದೆ ಕಾಲೇಜಿನ ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ಅಂಥ ಗಂಟಿನ ಕಾರಣವನ್ನು ಚಿತ್ರ ಬರೆದು ವಿವರಿಸಿದೆ, ಮನೆಯಲ್ಲಿ ಹೇಳಲಿಲ್ಲ. ಗಿರಿಜಾ ಈಗಲೂ ಹೂ ಕಟ್ಟುತ್ತಾಳೆ, ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು. ನಾರನ್ನು ಬಾಯಿಗಿಡುವ ನಂಬಿಕೆ ಮಾತ್ರ ಅವಳಿಗೆ ಮರಳಲಿಲ್ಲ.

ಆಗ ಆಸ್ಪತ್ರೆಯಿಂದ ಊರಿಗೆ ಬಂದ ಮೇಲೂ ಅವಳು ರಾತ್ರಿ ಬೆಚ್ಚಿಬೀಳುತ್ತಿದ್ದಳು. ಅವ್ವ ಒಂದು ಕಡೆ, ನಾನು ಒಂದು ಕಡೆ, ಸರದಿಯಂತೆ ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದೆವು. ಬಸವ ಜಯಂತಿಯ ದಿನ ಅವ್ವ ಬಳ್ಳಿಗಳನ್ನೆಲ್ಲ ಬುಡಕ್ಕೆ ಸವರಿ, ದಾರಗಳನ್ನು ಆಯ್ದು ಒಲೆಗೆ ಹಾಕಿದಳು. ಅಂದು ರಾತ್ರಿ ನಾವು ಮೂವರೂ ಬೆಳಕು ಹರಿಯುವವರೆಗೆ ಮಲಗಿದೆವು.